ಟೈರಿಗೆ ಹಚ್ಚಿದ ಎಣ್ಣೆ

ಖರ್ಜೂರದ ಕೊಯ್ಲು ಮುಗಿದರೆ ಕೊಲ್ಲಿ ದೇಶದ ರುಸ್ತಾಕಿನ ಯಾರ್ಡಿನಲ್ಲಿ ಫ್ರೀಜರ್ ಟ್ರೈಲರುಗಳಿಗೆ ಚಳಿಗಾಲದ ರಜೆ. ಅವುಗಳನ್ನು ಕಾಯುವ ಗುರುವನಿಗೆ ರಜೆಯಿಲ್ಲ. ಚಳಿಗಾಲವೆಂದರೆ ಇಲ್ಲಿ ಬಿಸಿಲಿನ ಹಲ್ಲು ಕೊಂಚ ಮೊಂಡಾಗುತ್ತದೆ, ಅಷ್ಟೆ. ನಿಂತ ಟೈರನ್ನು ಕಚ್ಚುವುದನ್ನು ಅದು ಬಿಡುವುದಿಲ್ಲ. ಟೈರಿಗೆ ಹೊದಿಕೆ ಬೇಕು, ಅಡಿಯಲ್ಲಿ ಹಲಗೆ ಬೇಕು ಎಂದು ರಾಜಧಾನಿಯ ಖುರುಮ್‌ನಲ್ಲಿದ್ದ ಹೆಡ್ ಆಫೀಸಿಗೆ ಹೇಳಿ ಹೇಳಿ ಅವನ ಬಾಯಿ ಒಣಗಿತ್ತು. ಅಲ್ಲಿ ಮ್ಯಾನೇಜರನ ಕಾರಿಗೂ ಹೊದಿಕೆಯಿತ್ತು. ಇಲ್ಲಿಗೆ ಬಂದದ್ದು ‘ನೋಡುವ’ ಎಂಬ ಮಾತೊಂದೇ.

ಅಷ್ಟರಲ್ಲಿ ಆಯುಧಪೂಜೆ ಬಂತು. ಹಿಂದೆ ಉಡುಪಿಯ ಬಸ್ಸಿನಲ್ಲಿ ಕ್ಲೀನರಾಗಿದ್ದಾಗ ಗುರುವ ಪೂಜೆಯ ದಿನ ಟೈರಿಗೆ ಸುಟ್ಟ ಆಯಿಲ್ ಉಜ್ಜಿ ಮಿರಮಿರ ಹೊಳೆಯಿಸುತ್ತಿದ್ದ. ಮರುದಿನ ಬಸ್ಸು ರಸ್ತೆಗಿಳಿದರೆ ಧೂಳೇ ಆ ಎಣ್ಣೆಯನ್ನು ಒರೆಸಿಬಿಡುತ್ತಿತ್ತು. ಇಲ್ಲಿಯೂ ಹಾಗೆಯೇ ಉಜ್ಜಿದ, ಕುಂಕುಮವಿಟ್ಟ. ಹೊದಿಕೆಯಂತೂ ಇಲ್ಲ, ಎಣ್ಣೆಯಾದರೂ ಕಾಯಲಿ ಎಂದು ಚಳಿಗಾಲದುದ್ದಕ್ಕೂ ಮತ್ತೆ ಮತ್ತೆ ಉಜ್ಜಿದ. ನಿಂತ ಗಾಡಿಯ ಎಣ್ಣೆ ಒರೆಸಲು ರಸ್ತೆಯ ಧೂಳಿರಲಿಲ್ಲ. ಎಣ್ಣೆ ಒಳಗಿಳಿಯಿತು.

ಇವತ್ತು ಬೆಳಿಗ್ಗೆ ಮರಳುಗಾಡಿನಾಚೆಯ ಸಲಾಲಾಕ್ಕೆ ತುರ್ತು ಲೋಡು. ಕೊಪ್ಪಳದ ಡ್ರೈವರ್ ಚನ್ನಪ್ಪ ಟ್ರೈಲರಿಗೆ ಎಂಜಿನ್ ಗಾಡಿ ಜೋಡಿಸುತ್ತಿದ್ದಾಗ ಗುರುವ ಟೈರನ್ನು ಒತ್ತಿ ನೋಡಿದ. ಹೆಬ್ಬೆರಳು ತಗ್ಗು ಮಾಡಿತು. ಮಾಗಿ ಕೊಳೆತ ಹಣ್ಣಿನ ಮೆದು. ಉಬ್ಬಿದ ಪಕ್ಕದಲ್ಲಿ ಕೂದಲೆಳೆಯ ಬಿರುಕುಗಳು.

“ಏನ್ ಗುರುವಣ್ಣ, ಟೈರಿಗೆ ಎಣ್ಣಿಸ್ನಾನ ಮಾಡ್ಸೀರಿ, ನಮಗೊಂದಿನಾ ಮಾಡ್ಸಲಿಲ್ಲ ನೋಡ್ರಿ,” ಎಂದು ಚನ್ನಪ್ಪ ನಕ್ಕ.

ಗುರುವ ನಗಲಿಲ್ಲ. “ಇದರಲ್ಲಿ ಹೋಗಬೇಡ ಮಾರಾಯ. ದಾರಿಯಲ್ಲಿ ಒಡೀತದೆ.”

“ಒಲ್ಲೆ ಅಂದ್ರ ನಾಳೆ ಊರಿನ ಟಿಕೆಟ್ ಕೈಯಾಗ ಇಡ್ತಾರ. ಮನ್ಯಾಗ ಹೆಂಡ್ತಿ ಹುಲಿಗೆವ್ವಗ ಏನ್ ಹೇಳ್ಲಿ? ನೀವೊಂದ್ ನಿಂಬಿಹಣ್ಣು ಇಟ್ಟಬಿಡ್ರಿ, ಸಾಕು.”

ಮ್ಯಾನೇಜರ್ ಕೀರ್ತನ್ ಕಾರಿನಿಂದ ಇಳಿದ. ಅವನೂ ಗುರುವನ ಕಡೆಯವನೇ, ಉಡುಪಿಯವನು.

“ಎಂತ ಗುರುವಣ್ಣ, ಟೈರೆಲ್ಲ ಶೋರೂಮಿನಿಂದ ಇಳಿಸಿದ ಹಾಗೆ ಉಂಟಲ್ಲ.”

“ಹೊಳಪು ಮಾತ್ರ ಸರ್. ಆಯಿಲ್ ರಬ್ಬರನ್ನು ತಿಂದಿದೆ. ನೀವೇ ನೋಡಿ.”

ಕೀರ್ತನ್ ಬಗ್ಗಿದ. ಬಿರುಕು ಅವನಿಗೂ ಕಂಡಿತು. ಎದ್ದು ಕೈ ಒರೆಸಿಕೊಂಡು, ದನಿ ತಗ್ಗಿಸಿ ಕೇಳಿದ: “ಆಯಿಲ್ ಹಚ್ಚಿದ್ದು ಯಾರು?”

“ನಾನೇ.”

“ಹಾಗಾದರೆ ಒಡೆದರೆ ಪೊಲೀಸರು ಯಾರನ್ನು ಹಿಡಿಯುದು? ನನ್ನನ್ನಾ, ವೀಸಾ ಕೊಟ್ಟ ಧಣಿ ಕಫೀಲನನ್ನಾ? ನೀವು ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುದಿಲ್ಲ. ನಿಂಬೆಹಣ್ಣು ಇಡಿ. ಯಲ್ಲಾ, ಬೇಗ ಹೊರಡಿಸಿ.”

ಗುರುವ ತನ್ನ ಅಂಗೈ ನೋಡಿಕೊಂಡ. ಕೈ ತನ್ನದು, ಎಣ್ಣೆ ತನ್ನದು. ದಾರಿಯಲ್ಲಿ ಚನ್ನಪ್ಪ ಸತ್ತರೆ ಆ ಸಾವೂ ತನ್ನ ಹೆಸರಿಗೇ ಬರುತ್ತದೆ. ಹೊದಿಕೆ ಕೊಡದ ಕೈ ಮಾತ್ರ ಖುರುಮ್‌ನಲ್ಲಿ ಚೊಕ್ಕವಾಗಿರುತ್ತದೆ.

ಅವನು ಶೆಡ್ಡಿಗೆ ಹೋಗಿ ಬಂದ. ಒಂದು ಕೈಯಲ್ಲಿ ನಿಂಬೆಹಣ್ಣು. ಇನ್ನೊಂದು ಮುಷ್ಟಿಯಲ್ಲಿ ಗಾಳಿ ಬಿಡಿಸುವ ಪುಟ್ಟ ಕೀಲಿ. ಹಣ್ಣನ್ನು ಟೈರಿನ ಬುಡಕ್ಕೆ ಒತ್ತಿಟ್ಟು, ಕೈಮುಗಿಯುವವನಂತೆ ಬಾಗಿದ. ಚಕ್ರ ಹಣ್ಣನ್ನು ಜಜ್ಜಲಿ ಎಂದು ಕೀರ್ತನ್ ಕಾದ. ಚನ್ನಪ್ಪ ಎಂಜಿನ್ ಚಾಲೂ ಮಾಡಿದ.

ಬುಸ್ಸೆಂದು ಗಾಳಿ ಹೊರಟಿತು. ಗುರುವ ಒಳಗಿನ ಜೋಡಿ ಟೈರಿಗೆ ಕೈ ಹಾಕಿದ. ಟ್ರೈಲರು ಒಂದು ಮಗ್ಗುಲಿಗೆ ಮೆಲ್ಲಗೆ ಕುಸಿಯಿತು. ಚಕ್ರ ತಿರುಗದೆಯೇ ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಕುಸಿದ ಟೈರಿನ ಪಕ್ಕಗಳು ಮಡಚಿಕೊಂಡು ಬಿರುಕುಗಳು ಬಾಯ್ದೆರೆದವು; ಒಳಗಿನ ನೂಲು ಹರಿದ ಮಾಂಸದಂತೆ ಹೊರಬಿತ್ತು.

ಚನ್ನಪ್ಪ ಇಳಿದು ಬಂದು ನೋಡಿದ. ಮತ್ತೆ ಹತ್ತಿ ಎಂಜಿನ್ ಆರಿಸಿ, ಗಾಡಿಯ ಕೀಲಿಯನ್ನು ತಂದು ಕೀರ್ತನನ ಕಾರಿನ ಮೇಲಿಟ್ಟ.

“ಖಲಾಸ್ ನಿಮ್ಮಿಬ್ಬರದ್ದೂ,” ಎಂದ ಕೀರ್ತನ್ ಫೋನು ಕಿವಿಗಿಟ್ಟು ಗೇಟಿನತ್ತ ನಡೆದ. ಇಬ್ಬರನ್ನೂ ಒಳಗೇ ಬಿಟ್ಟು ಕಬ್ಬಿಣದ ಗೇಟನ್ನು ಹೊರಗಿನಿಂದ ಎಳೆದುಕೊಂಡ. ಅಗಳಿ ಬಿದ್ದ ಸದ್ದು.

ಗುರುವ ತಲೆಯೆತ್ತಲಿಲ್ಲ. ಗಾಳಿ ಬಿಡಿಸಲು ಆಚೆ ಮಗ್ಗುಲಿನ ಟೈರುಗಳು ಇನ್ನೂ ಬಾಕಿಯಿದ್ದವು.