ತಣ್ಣಿ

ಚೆನ್ನೈಗೆ ಬಂದ ತಿಂಗಳೊಳಗೆ ಒಂದು ಮೀನಿಗೆ ನರ್ಸಮ್ಮನಾದೆ. ನಮ್ಮದು ಉಡುಪಿ ಹೋಟೆಲಿನವರ ಮನೆ. ಮೀನು ಎಂಬ ಶಬ್ದವನ್ನೂ ಊಟದ ಹೊತ್ತಿನಲ್ಲಿ ಆಡುವವರಲ್ಲ. ಅಂಥಾದ್ದರಲ್ಲಿ ಮಗ ಸಂತೋಷನ ಮಾಧವರಂ ಮನೆಯಲ್ಲಿ ಊಟದ ಮೇಜಿನ ಪಕ್ಕದಲ್ಲೇ ಗಾಜಿನ ತೊಟ್ಟಿ, ಅದರಲ್ಲೊಂದು ನೀಲಿ ಫೈಟರ್ ಮೀನು. ಮೊಮ್ಮಗಳು ಪ್ರಣಮ್ಯಾ ಅದಕ್ಕೆ ಬ್ಲೂ ಎಂದು ಹೆಸರಿಟ್ಟಿದ್ದಳು. ಮೊದಲ ದಿನ ನಾನು ಮುಖ ಸಿಂಡರಿಸಿದ್ದು ನಿಜ.

ಆದರೆ ಆ ಮೀನಿಲ್ಲದಿದ್ದರೆ ನಮ್ಮಿಬ್ಬರ ನಡುವೆ ಏನೂ ಇರುತ್ತಿರಲಿಲ್ಲ. ಒಂಬತ್ತು ವರ್ಷದ ಹುಡುಗಿಗೆ ಕನ್ನಡ ಅರ್ಥವಾಗುತ್ತದೆ. ಬಾಯಿ ತೆರೆದರೆ ಮಾತ್ರ ತಮಿಳು, ಇಲ್ಲವೆ ಇಂಗ್ಲಿಷು. ನನ್ನನ್ನು ಕರೆಯುವುದೂ ಪಾಟ್ಟಿ ಎಂದೇ. ಒಂದು ಸಲ ಅಜ್ಜಿ ಅನ್ನು ಎಂದು ಎಷ್ಟು ಅಂಗಲಾಚಿದರೂ ನಾಚಿಕೊಂಡು ಓಡುತ್ತಿದ್ದಳು. ಮೀನಿನ ಮುಂದೆ ಮಾತ್ರ ಕೈ ಹಿಡಿದು ಕೂರಿಸಿಕೊಳ್ಳುತ್ತಿದ್ದಳು.

ಅದಕ್ಕೆ ರೆಕ್ಕೆ ಕೊಳೆಯುವ ರೋಗ ಹಿಡಿದಿತ್ತು. ಸೆರಗಿನಂತೆ ಹರಡಿಕೊಳ್ಳುತ್ತಿದ್ದ ಬಾಲ ಇಲಿ ಕಡಿದಂತೆ ಹರಿದು, ಅಂಚು ಬೆಳ್ಳಗಾಗಿತ್ತು. ಅಂಗಡಿಯವನು ಹೇಳಿದಂತೆ ಹುಡುಗಿ ಕಲ್ಲುಪ್ಪು ಕರಗಿಸಿ ಹಾಕಿದಳು, ಹಳದಿ ಔಷಧಿಯ ಹನಿ ಬಿಟ್ಟಳು. ಹತ್ತು ದಿನಕ್ಕೆ ಹರಿದಲ್ಲಿ ಗಾಜಿನಂಥ ತೆಳು ಚಿಗುರು ಕಾಣಿಸಿತು. ಮೊದಲು ಕಂಡದ್ದು ನನಗೆ. ತೋರಿಸಿದಾಗ ಅವಳು ನನ್ನ ಕೊರಳಿಗೆ ಜೋತುಬಿದ್ದಳು.

ಅಷ್ಟರಲ್ಲಿ ತಿರುಚ್ಚಿಯಲ್ಲಿ ಅವಳ ಚೆಸ್ ಪಂದ್ಯ ಬಂತು. ಸೊಸೆ ಊರ್ಮಿಳಾಳ ಜೊತೆ ನಾಲ್ಕು ದಿನ ಹೋಗಬೇಕು. ಮಗ ಬೆಳಗಾಗುವ ಮೊದಲೇ ನುಂಗಂಬಾಕ್ಕಂ ಹೋಟೆಲಿಗೆ ಹೊರಟರೆ ಮನೆಯ ಕಡೆ ತಲೆ ಹಾಕುವುದು ಮಲಗುವುದಕ್ಕೇ. ಮೀನು ನನ್ನ ಪಾಲಿಗೆ ಬಂತು. ಹುಡುಗಿ ಲೋಟದಲ್ಲಿ ತೋಡಿ ಚೆಲ್ಲುವಂತೆ, ಮತ್ತೆ ಸುರಿಯುವಂತೆ ಕೈಸನ್ನೆ ಮಾಡಿ ಹೇಳಿದಳು:

"ಡೈಲಿ ಕೊಂಜಂ ತಣ್ಣಿ ಮಾತ್ತಣುಂ ಪಾಟ್ಟಿ. ತಣ್ಣಿ."

ಅರ್ಥವಾಯಿತಾ ಎಂದು ಊರ್ಮಿಳಾ ಕೇಳಿದಳು. ನನಗೆ ರೇಗಿತು. ತಣ್ಣೀರು ಅಂದರೆ ತಿಳಿಯದಷ್ಟು ದಡ್ಡಿಯೇ ನಾನು?

"ನಂಗ್ ಗೊತ್ತಾಯ್ತ್, ನೀವ್ ಹೊರ್ಡಿ," ಎಂದೆ.

ಬಚ್ಚಲಿನಲ್ಲಿ ಹುಡುಗಿ ತುಂಬಿಟ್ಟುಹೋಗಿದ್ದ ಬಕೆಟ್ಟು ಯಾತಕ್ಕೆಂದು ಯೋಚಿಸದೆ, ಆ ನೀರಲ್ಲಿ ನೆಲ ಒರೆಸಿದೆ. ಮೀನಿಗೆ ಫ್ರಿಜ್ಜಿನ ಬಾಟಲಿ. ಮೇ ತಿಂಗಳ ಮದ್ರಾಸಿನ ಸೆಖೆಯಲ್ಲಿ ಕಾಯಿಲೆಯ ಜೀವಕ್ಕೆ ತಂಪು ಬೇಡವೇ? ಮೊದಲ ದಿನ ಅದು ತಳದಲ್ಲಿ ಅಲ್ಲಾಡದೆ ಕೂತಿತು. ಪಾಪ, ಹಾಯಾಗಿ ನಿದ್ದೆ ಬಂತೆಂದು ಖುಷಿಪಟ್ಟೆ. ಮರುದಿನ ಕಾಳು ಮುಟ್ಟಲಿಲ್ಲ. ತಂಪು ಸಾಲಲಿಲ್ಲವೇನೋ ಎಂದು ಇನ್ನೊಂದು ಬಾಟಲಿ ಸುರಿದೆ. ನಾಲ್ಕನೆಯ ದಿನ ಬೆಳಿಗ್ಗೆ ಮಗ್ಗುಲಾಗಿ ತೇಲುತ್ತಿತ್ತು. ಬಾಲದ ಹೊಸ ಚಿಗುರು ಹಾಗೇ ಇತ್ತು. ಅದನ್ನು ಎತ್ತಿ ಎಸೆಯಲು ನನ್ನಿಂದಾಗಲಿಲ್ಲ.

ಸಂಜೆ ಪ್ರಣಮ್ಯಾ ಬೆನ್ನ ಮೇಲಿನ ಚೀಲವನ್ನೂ ಇಳಿಸದೆ ತೊಟ್ಟಿಯ ಹತ್ತಿರ ಓಡಿದಳು. ನಾನೋ, ಜಗಳಕ್ಕೆ ನಿಂತವಳ ಹಾಗೆ ಹೇಳಿದೆ:

"ನೀ ಹೇಳ್ದಾಂಗೇ ದಿನಾ ತಣ್ಣೀರೇ ಹಾಕಿದ್ದೆ ಮಗಾ. ಫ್ರಿಜ್ಜಿಂದೇ."

ಹುಡುಗಿ ನನ್ನ ಮುಖ ನೋಡಿದಳು. ಅವರಿಗೆ ಕುಡಿಯಲೆಂದು ನಾನು ಮೇಜಿನ ಮೇಲೆ ತೆಗೆದಿಟ್ಟಿದ್ದ ಬಾಟಲಿಯನ್ನು ನೋಡಿದಳು. ಬಾಟಲಿ ಬೆವರುತ್ತಿತ್ತು. ಅವಳು ಅಳಲಿಲ್ಲ. ತುಟಿ ಅಲ್ಲಾಡಿಸುತ್ತ ಒಂದೊಂದೇ ಶಬ್ದ ಹುಡುಕಿದಳು.

"ತಣ್ಣಿ ಅಂದ್ರೆ ಬರೀ ನೀರು, ಅಜ್ಜಿ. ನಾನು ಕನ್ನಡದಲ್ಲಿ ಹೇಳ್ಬೇಕಿತ್ತು."

ಅಜ್ಜಿ ಎಂಬ ಆ ಕರೆಗೆ ನಾನು ಬಂದ ದಿನದಿಂದ ಕಾದಿದ್ದೆ. ತಪ್ಪು ನಿನ್ನದಲ್ಲ ಮಗಾ, ಗೊತ್ತಾಯಿತೆಂದು ಜಂಬ ಕೊಚ್ಚಿಕೊಂಡವಳು ನಾನು ಎನ್ನಬೇಕಿತ್ತು. ಅಷ್ಟು ಸುಲಭದ ಕನ್ನಡ ನನ್ನ ಬಾಯಿಂದ ಹೊರಡಲಿಲ್ಲ.