ದಡ ಹತ್ತದ ರೊಸಿನಾ

ಪಾದುವಾ ಪಟ್ಟಣದ ಹಳೇ ಕಾಲುವೆಗೆ ನಾಲ್ಕು ಹಕ್ಕುದಾರರು: ಗಿರಣಿಯವರು, ದೋಣಿಯವರು, ಮೀನು ಹಿಡಿಯುವವರು, ಬಟ್ಟೆ ಒಗೆಯುವ ಹೆಂಗಸರು. ವಸಂತ ಬಂದರೆ ತೂಬಿನ ಬಾಗಿಲು ಇಳಿಸಿ ಹರಿವು ತಡೆದು, ಉಳಿದ ನೀರು ಬಸಿದು, ಎಲ್ಲರೂ ಸೇರಿ ಹೂಳೆತ್ತುವುದು ವಾಡಿಕೆ. ಅದಕ್ಕೂ ಮೊದಲು ನಾಲ್ಕು ಕಡೆಯವರೂ ಸೇತುವೆಯ ಮೇಲೆ ನಿಂತು, "ನಮ್ಮೋರೆಲ್ಲ ದಡದ ಮೇಲಿದಾರೆ!" ಎಂದು ಕೂಗಬೇಕು. ಒಬ್ಬರು ಸುಮ್ಮನಿದ್ದರೂ ಬಾಗಿಲು ಮಿಸುಕುವಂತಿಲ್ಲ.

ಒಗೆಯುವವರ ಪೈಕಿ ಈಗ ಉಳಿದವಳು ಮುದುಕಿ ದೆಲ್ಫೀನಾ ಒಬ್ಬಳೇ. ಅವಳು ವರ್ಷಗಳಿಂದ ಕೂಗಿಲ್ಲ. ಹೇಗೆ ತಾನೇ ಕೂಗಿಯಾಳು? ತಂಗಿ ರೊಸಿನಾ ಒಗೆಯುವ ಕಲ್ಲಿನಿಂದ ಜಾರಿ ಮುಳುಗಿದವಳು, ಹೆಣವೂ ಸಿಗಲಿಲ್ಲ. ಆದರೆ ಮುಸ್ಸಂಜೆಯಾದರೆ ಸಾಕು, ಆ ಖಾಲಿ ಕಲ್ಲಿನ ಮೇಲೆ ಬಟ್ಟೆ ಬಡಿಯುವ ಸದ್ದು. ಕೇರಿಯವರು ಪಟಪಟನೆ ಕಿಟಕಿ ಮುಚ್ಚುತ್ತಾರೆ, ದೆಲ್ಫೀನಾ ತೆರೆಯುತ್ತಾಳೆ. ನೀರು ಬಸಿದರೆ ಆ ಸದ್ದೂ ಹೋದೀತೆಂಬ ಭಯ ಅವಳಿಗೆ.

ಇತ್ತ ಕಾಲುವೆ ಹೂಳು ತುಂಬಿ ಸಾಯುತ್ತಿತ್ತು. ಈ ವಸಂತದಲ್ಲಿ ದೋಣಿಯವರ ಹಿರಿಯ ಅಲ್ವೀಸೆ ಸತ್ತ ಮೀನೊಂದನ್ನು ಹಿಡಿದೇ ಅವಳ ಬಾಗಿಲಿಗೆ ಬಂದ.

"ಅಕ್ಕಾ, ನೋಡಿಲ್ಲಿ. ಆ ಗಿರಣಿಯವನೂ ನಾನೂ ಜನ್ಮದಲ್ಲಿ ಒಂದು ಮಾತಿಗೆ ಒಪ್ಪಿದೋರಲ್ಲ. ಈಗ ಒಪ್ಪಿದೀವಿ. ನಿನ್ನ ಬಾಯಿ ಒಂದೇ ಬಾಕಿ."

"ಸುಳ್ಳು ಕೂಗ್ಲೇನೋ? ಅವಳಿನ್ನೂ ನೀರಲ್ಲೇ ಇದಾಳೆ."

"ಹಾಗಾದ್ರೆ ಕರಿ! ನಮ್ಮ ಹುಡುಗ್ರು ನೀರಲ್ಲಿದ್ರೆ ಹೆಸರು ಹಿಡಿದು ಕರೆಯಲ್ವಾ ನಾವು? ನೀನು ಒಂದ್ಸಲನಾದ್ರೂ ಕರೆದಿದೀಯಾ?"

ದೆಲ್ಫೀನಾ ಇಷ್ಟು ವರ್ಷ ಕಿವಿಗೊಟ್ಟು ಕೂತಿದ್ದಳೇ ಹೊರತು ಕರೆದಿರಲಿಲ್ಲ.

ಆ ಸಂಜೆ ಸೇತುವೆಯ ಮೇಲೆ ಮೂರು ಕೂಗು ಮುಗಿದವು. ಕೆಳಗೆ ಕಲ್ಲಿನ ಮೇಲೆ ಸದ್ದು ಶುರುವಾಯಿತು: ಧಪ್, ಧಪ್. ದೆಲ್ಫೀನಾ ಬಗ್ಗಿ ಗದರಿದಳು.

"ರೊಸಿನಾ! ಒಗೆದಿದ್ದು ಸಾಕು ಕಣೇ! ಇನ್ನೇನು ನೀರು ಹೋಗುತ್ತೆ, ಮನೇಲಿ ಸೂಪು ಆರ್ತಿದೆ. ಮೇಲೆ ಬಾರೇ, ನನ್ನ ಕೂಸೇ!"

ಸದ್ದು ನಿಂತಿತು. ಒಣ ಮೆಟ್ಟಿಲುಗಳ ಮೇಲೆ ಒದ್ದೆ ಹೆಜ್ಜೆಗಳು ಒಂದೊಂದಾಗಿ ಮೂಡುತ್ತ ಬಂದು ಅವಳ ಪಕ್ಕದಲ್ಲಿ ನಿಂತವು. ಅಲ್ವೀಸೆ ಟೋಪಿ ತೆಗೆದ. ಗಿರಣಿಯವನು ಶಿಲುಬೆಯ ಗುರುತು ಹಾಕಿಕೊಂಡ.

"ನಮ್ಮೋರೆಲ್ಲ ದಡದ ಮೇಲಿದಾರೆ!" ದೆಲ್ಫೀನಾ ಕೂಗಿದಳು. ತೂಬಿನ ಬಾಗಿಲು ಇಳಿಯಿತು.

ಮನೆಯಲ್ಲಿ ಅವಳು ಎರಡು ಬಟ್ಟಲಿಗೆ ಸೂಪು ಬಡಿಸಿ ಒಂದನ್ನು ತಾನು ಕುಡಿದಳು. ಎದುರಿನ ಕುರ್ಚಿಯಿಂದ ಬೆಳಗಿನವರೆಗೂ ನೀರು ತೊಟ್ಟಿಕ್ಕುತ್ತಿತ್ತು.

ಬೆಳಿಗ್ಗೆ ಕುರ್ಚಿ ಒಣಗಿತ್ತು. ಕಾಲುವೆಯಿಂದ ಸಲಿಕೆಗಳ ಸದ್ದಷ್ಟೇ ಬರುತ್ತಿತ್ತು. ತಂಗಿ ಸತ್ತಳೆಂದು ದೆಲ್ಫೀನಾ ಮೊದಲ ಸಲ ಅತ್ತಳು.