ಮೂವತ್ತು ಇಂಚಿನ ಗರಗಸ

ಸಾಂತಪ್ಪ ಮತ್ತೊಮ್ಮೆ ಹಗ್ಗ ಜಗ್ಗಿದ. ಯಂತ್ರದ ಗರಗಸ ಕೆಮ್ಮಿ, ನೀಲಿ ಹೊಗೆ ಕಾರಿ, ಕೊನೆಗೂ ಅರಚತೊಡಗಿತು. ದಿಬ್ಬದ ಮೇಲಿನ ಮಾವಿನ ಮರದ ಸುತ್ತ ನಿಂತಿದ್ದ ಗಂಡಸರ ಮುಖ ಅರಳಿತು. ಮದುವೆಮನೆಯಲ್ಲಿ ವಾಲಗ ಶುರುವಾದಂತೆ ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸಿದರು. ಕೆಳಗೆ ಅಂಗಳದಲ್ಲಿ ಸಾಂತಪ್ಪನ ಹೆಂಡತಿ ನೀಲಾವತಿಯ ಹೆಣ ಬೆಳಗಿನಿಂದ ಚಾಪೆಯ ಮೇಲಿತ್ತು.

ತಲೆಯ ಬಳಿ ತಂಗಿ ಸರೋಜ ಕೂತು ಬಾಳೆಲೆಯಿಂದ ನೊಣ ಓಡಿಸುತ್ತಿದ್ದಳು. ಊದುಬತ್ತಿಯ ವಾಸನೆಯ ಜೊತೆಗೆ ಪೆಟ್ರೋಲಿನ ನಾತ ಬೆರೆತಿತ್ತು. ಹೊತ್ತು ಮುಳುಗುವುದರೊಳಗೆ ಅಕ್ಕನ ದಹನ ಮಾಡಬೇಕು, ರಾತ್ರಿಯೆಲ್ಲ ಹೀಗೆ ಅಂಗಳದಲ್ಲಿ ಬಿಡಬಾರದು. ಅವಳಿಗೆ ಬೇಕಾದದ್ದು ಅಷ್ಟೇ.

ಸಂಪಾಜೆ ಕಡೆಯ ಈ ಊರಿನಲ್ಲಿ ಸಾವಾದರೆ ಮನೆಗೊಬ್ಬ ಗಂಡಸು ಕೊಡಲಿ ಹಿಡಿದು ಬರಬೇಕು. ಎಲ್ಲರೂ ಒಂದೊಂದು ಏಟು ಹಾಕಿ ಮಾವಿನ ಮರ ಉರುಳಿಸಬೇಕು, ಚಿತೆಗೆ ಅದೇ ಮರ. ಈ ಸಲವೂ ಕೊಡಲಿಗಳು ಬಂದಿದ್ದವು. ಸಾಂತಪ್ಪ ಅವನ್ನೆಲ್ಲ ಬೇಲಿಗೆ ಒರಗಿಸಲು ಹೇಳಿದ್ದ. ಮನೆಯಲ್ಲಿ ಮಿಷನ್ ಇರುವಾಗ ನೆಂಟರ ಕೈ ನೋಯಿಸುವುದು ಮರ್ಯಾದೆಯಲ್ಲವಂತೆ. ಹೆಂಡತಿಯ ಕೈ ಇಷ್ಟು ವರ್ಷ ನೋಯುತ್ತಿದ್ದಾಗ ಈ ಮರ್ಯಾದೆ ಯಾವ ಅಟ್ಟದಲ್ಲಿ ಕೂತಿತ್ತೋ.

*

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಆರೇಳು ವರ್ಷವಾಗಿದ್ದ ಕಾಲ. ಸಾಂತಪ್ಪನ ಅಣ್ಣ ದೇರಪ್ಪ ತನ್ನ ಕಾಫಿ ತೋಟಕ್ಕೊಂದು ಯಂತ್ರದ ಗರಗಸ ತಂದ. ಅದರ ಬಾರ್, ಅಂದರೆ ಸರಪಣಿ ಸುತ್ತುವ ಉಕ್ಕಿನ ಪಟ್ಟಿ, ಇಪ್ಪತ್ತನಾಲ್ಕು ಇಂಚು. ಅಂದಿನಿಂದ ಸಾಂತಪ್ಪನಿಗೆ ಅನ್ನ ಸೇರಲಿಲ್ಲ.

ಅವನಿಗೆ ಉರುಳಿಸಲು ದೊಡ್ಡ ಮರಗಳೇನೂ ಇರಲಿಲ್ಲ. ಇದ್ದದ್ದು ಏಲಕ್ಕಿ ಒಣಗಿಸುವ ಗೂಡು, ಬಚ್ಚಲ ಹಂಡೆ, ಅಡುಗೆ ಒಲೆ. ಮೂರೂ ಸೌದೆ ತಿನ್ನುವ ಬಕಾಸುರರು, ಮೂರನ್ನೂ ಸಾಕುತ್ತಿದ್ದವಳು ನೀಲಾವತಿ. ಗಂಡ ಮಿಷನ್ ತರುತ್ತೇನೆಂದಾಗ ಅವಳು ಮಗುವಿನಂತೆ ಹಿಗ್ಗಿ ತಾನೂ ಮಂಗಳೂರಿಗೆ ಹೊರಟಳು.

ಅಂಗಡಿಯವನು ಎರಡು ಬಾರ್ ತೋರಿಸಿದ. ಮನೆಯ ಸೌದೆಗೆ ಹದಿನಾರು ಇಂಚು ಧಾರಾಳ, ಹಗುರ, ಬೇಗ ಕಲಿಯಬಹುದು ಎಂದ. ಮೂವತ್ತು ಇಂಚಿನದು ಕಾಡುಮರ ಕಡಿಯುವವರಿಗೆ. ಅದಕ್ಕೆ ತಕ್ಕ ಮೋಟಾರೂ ಭಾರ, ಪಳಗಿದ ಕೈಯೇ ಬೇಕು ಎಂದೂ ಹೇಳಿದ. ನೀಲಾವತಿ ಸಣ್ಣದನ್ನು ಎತ್ತಿ ನೋಡಿದಳು.

"ನಮ್ಗೆ ಬೇಕಾದು ಒಲೆಗೆ ತುಂಡು ಅಲಾ? ಇದಾದ್ರೆ ನಂಗೂ ಎತ್ತಿಕೆ ಆದೆ," ಎಂದಳು.

ಅದೇ ತಪ್ಪಾಯಿತು. ಹೆಂಗಸು ಎತ್ತಬಹುದಾದ ಮಿಷನ್ನನ್ನು ಹೊತ್ತು ಅಣ್ಣನ ಮುಂದೆ ಹೋಗುವುದುಂಟೇ? ಸಾಂತಪ್ಪ ಮೂವತ್ತು ಇಂಚಿನದನ್ನೇ ಕಟ್ಟಿಸಿದ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಂದ. ನೀಲಾವತಿ ಹೊರಗೆ ನೋಡುತ್ತಾ ಕೂತಳು.

ಆಮೇಲೆ ಅದು ಚಾವಡಿಯ ಮೂಲೆ ಸೇರಿತು. ಆಯುಧಗಳಿಗೆ ಪೂಜೆಯಾಗುವ ಕೈಲುಮುಹೂರ್ತದ ಹಬ್ಬದಲ್ಲಿ ಕೋವಿಯ ಪಕ್ಕ ಅದಕ್ಕೂ ಗಂಧ, ಹೂವು. ನೆಂಟರು ಬಂದರೆ ಅಂಗಳದಲ್ಲಿ ಒಮ್ಮೆ ಅರಚಿಸಿ, ಒರೆಸಿ, ಹೊದಿಸಿ ಮಲಗಿಸುತ್ತಿದ್ದ. ಸಣ್ಣ ಕೊಂಬೆಗೆ ಹಿಡಿದರೆ ಎಗರುತ್ತದೆ, ಸೊಂಟ ಹಿಡಿಯುತ್ತದೆ ಎಂದು ಸೌದೆಗೆ ಮಾತ್ರ ಮುಟ್ಟಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ನೀಲಾವತಿ ಹಳೆಯ ಕೊಡಲಿಯಲ್ಲೇ ಒಡೆದಳು. ನಿನ್ನೆ ಸಂಜೆ ಗೂಡಿಗೆ ಸೌದೆ ಒಡೆಯುತ್ತಿದ್ದವಳು ಎದೆ ಹಿಡಿದುಕೊಂಡು ಅಲ್ಲೇ ಕುಸಿದಳು, ಬೆಳಗಾಗುವಷ್ಟರಲ್ಲಿ ಜೀವ ಹೋಗಿತ್ತು.

*

ಮೇಲೆ ಅರಚಾಟ ತಟ್ಟನೆ ನಿಂತಿತು. ಓರೆಯಾಗಿ ನಿಂತ ಮರವನ್ನು ಸಾಂತಪ್ಪ ವಾಲಿದ ಕಡೆಯಿಂದಲೇ ಆಳಕ್ಕೆ ಕೊಯ್ದಿದ್ದ. ಮರ ಭಾರಬಿಟ್ಟು ಕೂತು ಬಾರನ್ನು ಕಚ್ಚಿಕೊಂಡಿತ್ತು. ಎಳೆದರು, ಅಲ್ಲಾಡಿಸಿದರು, ಸೀಮೆಎಣ್ಣೆ ಹೊಯ್ದರು. ಸಣ್ಣ ಬಾರಾಗಿದ್ದರೆ ಬರುತ್ತಿತ್ತು ಎಂದು ದೇರಪ್ಪ ಹಲ್ಲು ಕಿರಿದ. ನಿನ್ನ ಇಪ್ಪತ್ತನಾಲ್ಕೇನು ಸಣ್ಣದೇ ಎಂದು ಸಾಂತಪ್ಪ ಕೆರಳಿದ. ಹೆಣ ಅಂಗಳದಲ್ಲಿರುವಾಗ ಅಣ್ಣತಮ್ಮಂದಿರು ಇಂಚಿನ ಲೆಕ್ಕಕ್ಕೆ ಕಚ್ಚಾಡಿದರು. ಬಿಸಿಲು ಗುಡ್ಡದ ನೆತ್ತಿಗೆ ಹೋಗಿತ್ತು.

ಸರೋಜ ಎದ್ದು ಮೇಲೆ ಹೋದಳು. ಕೊಡಲಿ ಹಾಕಿ ಎಂದು ಬೇಡಿಕೊಂಡಳು. ಸಾಂತಪ್ಪ ಮರಕ್ಕೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ಅಡ್ಡ ನಿಂತ.

"ಕೊಡಲಿ ಹಾಕಿರೆ ಮಿಷನ್ ಕತೆ ಮುಗ್ತ್."

"ಅಕ್ಕನ ಕತೆ ಮುಗ್ದದೆ, ಭಾವ."

ಅವನು ಕೈ ಹಿಂದಕ್ಕೆ ಚಾಚಿ ಮಿಷನ್ನಿನ ಹಿಡಿ ತಡವಿ ನೋಡಿದ. ಸರೋಜಳಿಗೆ ಅವನ ಮುಖಕ್ಕೆ ಉಗಿಯಬೇಕೆನ್ನಿಸಿತು. ಅಲ್ಲಿದ್ದ ಗಂಡಸರೆಲ್ಲ ಒಂದೇ ಮುಖದವರಂತೆ ಕಂಡು ಅಸಹ್ಯವಾಯಿತು. ಅವಳು ಸೀದಾ ಕೆಳಗಿಳಿದು ಕೊಟ್ಟಿಗೆಗೆ ಹೋದಳು. ಸೂರಿನ ತನಕ ಒಪ್ಪವಾಗಿ ಜೋಡಿಸಿದ ಒಣಸೌದೆ. ತೋಳು ತುಂಬ ಹೊತ್ತು ಚಿತೆಗೆ ಗೊತ್ತು ಮಾಡಿದ್ದ ಗದ್ದೆಯ ಬದಿಗೆ ನಡೆದಳು.

ನೆರೆಮನೆಯ ಮುದುಕಿ ಬೊಳ್ಳಮ್ಮ ತಡೆದಳು. "ಒಲೆ ಸೌದೆಲಿ ಹೆಣ ಸುಟ್ಟವು ಯಾರೂ ಇಲ್ಲೆ, ಮಗಾ."

"ಒಲೆಗೇ ಅಲಾ ಅವ್ಳ ಜೀವ ಸವ್ದದ್," ಎಂದಳು ಸರೋಜ.

ಬೊಳ್ಳಮ್ಮ ಸೆರಗು ಬಿಗಿದು ತಾನೂ ಕೊಟ್ಟಿಗೆಗೆ ಹೋದಳು. ಉಳಿದ ಹೆಂಗಸರೂ ಎದ್ದರು.

ಒಲೆಯ ಬಾಯಿಯ ಅಳತೆಗೆ ಒಡೆದ ತುಂಡುಗಳು ಚಿತೆಯಾಗಿ ನಿಲ್ಲಲಿಲ್ಲ. ಜೋಡಿಸಿದಷ್ಟೂ ಜಾರಿದವು. ಮೇಲೆ ಮಲಗಿಸಿದಾಗ ಒಂದು ಬದಿ ಕುಸಿದು ನೀಲಾವತಿಯ ಪಾದಗಳು ಹೊರಚಾಚಿದವು. ಒಡೆದ ಹಿಮ್ಮಡಿಯ ಬಿರುಕುಗಳಲ್ಲಿ ಇನ್ನೂ ಮಣ್ಣಿತ್ತು. ಸರೋಜ ಅವನ್ನು ಎರಡೂ ಕೈಯಿಂದ ಎತ್ತಿ ಒಳಗೆ ಸೇರಿಸಿ, ಸುತ್ತ ತುಂಡುಗಳನ್ನು ಒತ್ತಿದಳು.

ಸಾಂತಪ್ಪನನ್ನು ಕರೆತಂದರು. ಒದ್ದೆ ಬಟ್ಟೆ ಹೆಗಲಿಗೆ ಹಾಕಿ, ಮಡಕೆ ಒಡೆಸಿ, ಕೈಗೆ ಕೊಳ್ಳಿ ಕೊಟ್ಟರು. ಬೆಂಕಿ ಕೊಟ್ಟವನು ತಿರುಗಿ ನೋಡದೆ ಹೋಗಬೇಕು. ಆ ಒಂದು ಶಾಸ್ತ್ರವನ್ನು ಸಾಂತಪ್ಪ ಚಾಚೂ ತಪ್ಪದೆ ಪಾಲಿಸಿದ. ಮನೆಯ ಕಡೆಗೂ ತಿರುಗದೆ ನೆಟ್ಟಗೆ ಮಾವಿನ ಮರದ ಹತ್ತಿರ ಹೋಗಿ, ಹೆಗಲ ಮೇಲಿನ ಒದ್ದೆ ಬಟ್ಟೆಯನ್ನು ತೆಗೆದು, ಬಗ್ಗಿ ನಿಂತು, ಬಾರಿಗೆ ಅಂಟಿದ್ದ ಸೊನೆಯನ್ನು ಮೆಲ್ಲಗೆ ಒರೆಸತೊಡಗಿದ.